ಹೆಂಡತಿ ಬಸ್ಸಿನಲ್ಲಿ, ನಾನು ರೀಮ್ಯಾಪ್ ಕಾರಿನಲ್ಲಿ

ಮೋಟೆಬೆನ್ನೂರಿನ ಸೇತುವೆ ಏರುವಾಗ ನನ್ನ ಮುಂದೆ ಸರ್ಕಾರಿ ಬಸ್ಸು ಹೊಗೆ ಬಿಡುತ್ತಾ ಹೋಗುತ್ತಿತ್ತು. ಅದರ ಹಿಂದಿನ ಕಿಟಕಿಯಲ್ಲಿ ನನ್ನ ಹೆಂಡತಿ ಶೈಲಾ. ಬಸ್ಸಿನ ಬೆನ್ನಿಗೆ, ಬ್ಯಾಡಗಿಯಲ್ಲೇ ಎಲ್ಲಕ್ಕಿಂತ ಜೋರಾಗಿ ಓಡುವ ಕಾರಿನಲ್ಲಿ, ನಾನೊಬ್ಬನೇ. ಇಬ್ಬರೂ ಹೊರಟಿದ್ದು ಒಂದೇ ಮನೆಗೆ, ರಾಣೆಬೆನ್ನೂರಿನ ಅವಳ ತವರಿಗೆ.

ಬಸ್ಸನ್ನು ದಾಟಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋಗಿ ಏನು ಮಾಡಲಿ? ಮಾವನ ಬಾಗಿಲಲ್ಲಿ ಒಬ್ಬನೇ ಇಳಿದರೆ ಮಗಳೆಲ್ಲಿ ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಬರುತ್ತಿದ್ದಾಳೆ ಎಂದು ಹೇಳುವಷ್ಟು ಗಟ್ಟಿ ಮುಖ ನನ್ನದಲ್ಲ. ಇನ್ನೊಂದು ಕಾರಣವೂ ಇತ್ತು. ಎಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚುತ್ತಿತ್ತು, ಮೀಟರಿನ ಮುಳ್ಳು ಮೇಲೇರುತ್ತಿತ್ತು, ಕಾರು ಮಾತ್ರ ಇದ್ದಲ್ಲೇ ಇದ್ದ ಹಾಗೆ ಹೋಗುತ್ತಿತ್ತು. ಒಳಗೆ ಹಂಚಿನ ಮೇಲೆ ಮರೆತ ರೊಟ್ಟಿಯ ವಾಸನೆ. ಕ್ಲಚ್ಚು ಜಾರುತ್ತಿತ್ತು.

ಕಂಡಕ್ಟರ್ ಹಿಂದಿನ ಗಾಜಿನಿಂದ ನನ್ನನ್ನು ಎರಡು ಸಲ ನೋಡಿದ. ಆಮೇಲೆ ಶೈಲಾಳನ್ನು ಕೇಳಿದನಂತೆ. ಅವಳು ಅದನ್ನು ತವರಿನಲ್ಲಿ ಎಲ್ಲರೆದುರು ಹೇಳಿದಳು.

"ಅಕ್ಕಾರ, ಆ ಕಾರಿನಾಂವ ಬ್ಯಾಡಗಿಯಿಂದ ನಮ್ಮ ಬೆನ್ನ ಹತ್ಯಾನಲ್ಲ, ಯಾರರೀ ಅಂವಾ?"

"ನಮ್ಮ ಮನಿಯವರರಿ."

"ಮತ್ತ ನೀವ್ಯಾಕ ಇಲ್ಲಿ?"

"ಕಾರಿನ್ಯಾಗ ಅವರ ಸೊಕ್ಕು ಕುಂತೈತ್ರಿ. ನನಗ ಜಾಗಾ ಉಳಿದಿಲ್ಲ."

ಇರಲಿ. ನಾನು ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬುವ ಖಾಲಿ ಚೀಲ ಮಾರುತ್ತೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಹೇಳುವವರನ್ನು ಕಂಡರೂ ಆಗುವುದಿಲ್ಲ. ಆದ್ದರಿಂದ ರೀಮ್ಯಾಪ್ ಎಂದರೇನು ಎಂದು ನೇರವಾಗಿ ಹೇಳಿಬಿಡುತ್ತೇನೆ. ಈಗಿನ ಕಾರುಗಳ ಎಂಜಿನ್ನಿಗೆ ಒಂದು ಕಂಪ್ಯೂಟರ್ ಇರುತ್ತದೆ. ಎಷ್ಟು ಡೀಸೆಲ್ ಕುಡಿ, ಎಷ್ಟು ಗಾಳಿ ಎಳೆ ಎಂದು ಹೇಳುವುದು ಅದೇ. ಕಾರು ಮಾಡಿದವರು ಅದಕ್ಕೆ ಹೆದರಿ ಹೆದರಿ ಕಲಿಸಿರುತ್ತಾರೆ. ಅತ್ತೆಮನೆಗೆ ಹೊಸದಾಗಿ ಬಂದ ಸೊಸೆ ಊಟಕ್ಕೆ ಕುಳಿತ ಹಾಗೆ ಎಂಜಿನ್ ಹಸಿದಿದ್ದರೂ "ಸಾಕ್ರೀ, ಸಾಕ್ರೀ" ಅನ್ನುತ್ತದೆ. ಹುಬ್ಬಳ್ಳಿಯಲ್ಲಿ ಒಬ್ಬ ಹುಡುಗ ಸ್ಟೇರಿಂಗಿನ ಕೆಳಗೆ ವೈರು ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ಟಕ ಟಕ ಮಾಡಿ, ಆ ನಾಚಿಕೆ ಬಿಡಿಸುತ್ತಾನೆ. ನಾನು ಚಹಾ ಕುಡಿದು ಬರುವುದರೊಳಗೆ ಬಿಡಿಸಿದ್ದ. ಒಂದು ನಟ್ಟನ್ನೂ ಮುಟ್ಟಲಿಲ್ಲ. ನನಗೆ ಅದೇ ಖುಷಿ. ಆದರೆ ನಟ್ಟು ಮುಟ್ಟದೆ ಬಂದ ಶಕ್ತಿ ಮುಂದೆ ಎಲ್ಲ ನಟ್ಟುಗಳನ್ನೂ ಬಿಚ್ಚಿಸುತ್ತದೆ. ಹುಡುಗ ಇದನ್ನು ಹೇಳಿದ್ದನೋ ಏನೋ, ನಾನು ಕೇಳಿಸಿಕೊಂಡಿರಲಿಲ್ಲ. ಹೊಸ ಕೊಂಬು ಬಂದವನಿಗೆ ಕಿವಿ ಇರುವುದಿಲ್ಲ.

ಹುಬ್ಬಳ್ಳಿಯಿಂದ ಬಂದ ಮರುದಿನವೇ ಶೈಲಾಳನ್ನು ಕೂರಿಸಿಕೊಂಡು ಹೊರಟೆ. ಅವಳ ಮಡಿಲಲ್ಲಿ ಬದನೆಕಾಯಿ ಎಣ್ಣೆಗಾಯಿಯ ಡಬ್ಬಿ. ಹೈವೇ ಹತ್ತಿದ ಕೂಡಲೇ ಒತ್ತಿದೆ. ಕಾರು ಜಿಗಿಯಿತು, ಶೈಲಾಳ ತಲೆ ಸೀಟಿಗೆ ಬಡಿಯಿತು, ನಾನು "ಹೆಂಗ?" ಅಂದೆ. ಅವಳು ಹೇಗೆ ಎಂದು ಹೇಳುವುದರೊಳಗೆ ಮುಂದೆ ಜೋಳದ ಕಣಿಕೆ ಹೇರಿಕೊಂಡ ಟ್ರಾಕ್ಟರ್ ಅಡ್ಡ ಬಂತು. ಬ್ರೇಕ್ ತುಳಿದೆ. ಓಟ ಹೊಸದು, ಬ್ರೇಕು ಹಳೆಯದು. ನಿಂತೆವು, ಆದರೆ ಕಾರಿನ ಮೂತಿ ಕಣಿಕೆಯೊಳಗೆ ಹೊಕ್ಕ ಮೇಲೆ. ಡಬ್ಬಿಯ ಮುಚ್ಚಳ ಹಾರಿ, ಎಣ್ಣೆಗಾಯಿ ಅರ್ಧ ಅವಳ ಸೀರೆಗೆ, ಅರ್ಧ ಕಾರಿನ ಚಾವಣಿಗೆ. ಟ್ರಾಕ್ಟರಿನವನು ತಿರುಗಿ ನೋಡಿ, "ಏನ್ ಸಾವ್ಕಾರ, ಕಾರಿಗೆ ಮೇವು ಬೇಕೇನ? ಇಳೀರಿ, ಒಂದ ಹೊರಿ ಕೊಡ್ತೇನಿ" ಅಂದ.

ಶೈಲಾ ಕೆಳಗಿಳಿದು ಸೆರಗು ಒರೆಸಿಕೊಂಡಳು.

"ಇನ್ನ ಈ ಗಾಡ್ಯಾಗ ನಾ ಕುಂದ್ರಂಗಿಲ್ಲ."

"ಯಾಕ, ಮಜಾ ಬರಲಿಲ್ಲೇನು?"

"ನಿಮಗ ಮಜಾ ಬಂತು. ನನಗ ಎಣ್ಣಿಗಾಯಿ ಬಂತು."

ಕೈ ಅಡ್ಡ ಮಾಡಿ ಬಸ್ಸು ಹತ್ತಿದಳು. ಅಂದಿನಿಂದ ತವರಿಗೆ ಹೋಗುವುದಿದ್ದರೆ ಬಸ್ಸು, ಹಾವೇರಿಯಲ್ಲಿ ಕೆಲಸವಿದ್ದರೆ ಬಸ್ಸು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಊರಿನವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? "ಏನಪಾ, ಚೀಲಾ ಕಾರಿನ್ಯಾಗ ಒಯ್ತಿ, ಹೆಂಡ್ತೀನ ಬಸ್ಸಿಗೆ ಹಾಕ್ತೀಯಂತ?" ಎಂದು ಅಂಗಡಿಗೆ ಬಂದವರೆಲ್ಲ ಕೇಳುವವರೇ. ಕಾರು ಎಷ್ಟು ಓಡುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ನನಗೆ ಆಗ ಬೇಕಾಗಿದ್ದು ಒಂದೇ: ಅವಳು ಮತ್ತೆ ಆ ಪಕ್ಕದ ಸೀಟಿನಲ್ಲಿ ಕೂರಬೇಕು. ಕೈ ಮುಗಿದು ಕೂರಿಸುವುದಲ್ಲ, ತಾನಾಗಿ ಕೂರಬೇಕು.

ಬಸ್ಸಿನ ಹಿಂದೆ ಹೊರಟಿದ್ದೆ ಎಂದು ಮೊದಲೇ ಹೇಳಿದೆನಲ್ಲ, ಅಂದು ಹಾಗೇ ಮಾವನ ಮನೆ ಮುಟ್ಟಿದೆ. ನಮ್ಮ ಮಾವ ಹೋರಿ ಸಾಕಿದವರು. ನಮ್ಮ ಕಡೆ ದೀಪಾವಳಿಗೆ ಹೋರಿ ಓಡಿಸುತ್ತಾರೆ. ಕೊರಳಿಗೆ, ಕೊಂಬಿಗೆ ಒಣಕೊಬ್ಬರಿಯ ಸರ ಕಟ್ಟಿ ಜನರ ನಡುವೆ ಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಬೇಕು, ಹೋರಿ ಕೀಳಿಸಿಕೊಳ್ಳದೆ ಓಡಬೇಕು. ಅದಕ್ಕಾಗಿ ತಿಂಗಳುಗಟ್ಟಲೆ ಹುರುಳಿ, ಹತ್ತಿಕಾಳು, ಮೊಟ್ಟೆ ತಿನ್ನಿಸುತ್ತಾರೆ. ಮನೆಯವರಿಗೆ ಮೊಟ್ಟೆ ಸಿಗದಿದ್ದರೂ ಹೋರಿಗೆ ತಪ್ಪುವುದಿಲ್ಲ. ಮಾವ ಕಾರಿನ ಹತ್ತಿರ ಬಂದು ಮೂಗು ಏರಿಸಿದರು.

"ಏನೋ ಸುಟ್ಟೈತಲ್ಲೋ ಅಳಿಯಾ."

"ಕ್ಲಚ್ಚು ರೀ, ಮಾವಾರ. ಎಂಜಿನ್ನಿಗೆ ತಾಕತ್ತು ಜಾಸ್ತಿ ಮಾಡ್ಸೇನಿ. ಅದು ತಡ್ಯಾಕತ್ತಿಲ್ಲ."

"ಅಂದ್ರ ಮೇವು ಏರ್ಸಿದಿ."

"ಹೂಂ ರೀ."

"ಮೂಗುದಾಣಾ ಬದ್ಲಿಸೀಯೇನು?"

ನಾನು ಬಾನೆಟ್ಟಿನ ಧೂಳು ಒರೆಸತೊಡಗಿದೆ.

"ನೋಡು, ನಾವು ಹೋರಿಗೆ ಒಂದ ಹಿಡಿ ಹುರುಳಿ ಜಾಸ್ತಿ ಹಾಕೂಕಿಂತ ಮೊದಲ ಹೊಸಾ ಹಗ್ಗಾ ಹೊಸೀತೇವಿ. ಗೂಟಾ ಅಲುಗಾಡಿಸಿ ನೋಡ್ತೇವಿ. ನೀ ಹುರುಳಿ ಹಾಕಿ ಹಳೇ ಹಗ್ಗದಾಗ ಕಟ್ಟೀದಿ. ಮ್ಯಾಲ ನನ್ನ ಮಗಳನ್ನ ಅದರ ಮುಂದ ಕುಂದ್ರಿಸೀದಿ."

ಶೈಲಾ ಒಳಗಿನಿಂದ, "ಅಪ್ಪಾ, ಅದಕ್ಕ ಒಂದ ಕೊಬ್ಬರಿ ಸರಾನೂ ಕಟ್ಟು" ಅಂದಳು. ಮನೆಯೆಲ್ಲ ನಕ್ಕಿತು. ಕೊಟ್ಟ ಚಹಾ ಬಿಸಿ ಇತ್ತು. ಅಷ್ಟು ಬಿಸಿಯಲ್ಲೇ ಕುಡಿದು ಎದ್ದೆ.

ಹಾವೇರಿಯಲ್ಲಿ ಮೌಲಾಲಿ ಚಾಚಾ ಎಂಬ ಮೆಕ್ಯಾನಿಕ್ ಇದ್ದಾನೆ. ಕೈ ಒಳ್ಳೆಯದು, ಬಾಯಿ ಅದಕ್ಕಿಂತ ದೊಡ್ಡದು. ಕ್ಲಚ್ಚು ಒಂದನ್ನು ಬದಲಿಸು ಎಂದು ಹೇಳಿ ನಿಂತೆ. ಬಿಚ್ಚಿದ. ಪ್ಲೇಟು ಸುಟ್ಟು ಕಾಗದದಂತಾಗಿತ್ತು. ಗಟ್ಟಿ ಪ್ಲೇಟು ತರಿಸಿದ. ಗಟ್ಟಿ ಪ್ಲೇಟಿಗೆ ಅದನ್ನು ಒತ್ತಿ ಹಿಡಿಯುವ ಗಟ್ಟಿ ಕವರು ಬೇಕೆಂದ. ಅದನ್ನು ಹಾಕಿ ಓಡಿಸಿದರೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಬರುವ ರಬ್ಬರಿನ ಪೈಪು ಭುಸ್ಸೆಂದು ಕಳಚಿಬಿತ್ತು. ಪೈಪು ಬದಲಿಸಿದ. ಬ್ರೇಕಿನ ಪ್ಯಾಡು, ಡಿಸ್ಕು ಬದಲಿಸಿದ. ನಾನು ಸಾಕು ಅಂದರೆ, "ಅರೇ ಭಾಯ್, ಹೊಸಾ ಅಳಿಯಾ ಬಂದ್ರ ಹರಕ ಚಾದರ ಹಾಸ್ತಾರೇನು?" ಅನ್ನುತ್ತಿದ್ದ. ಎಂಜಿನ್ ಎಂಬುದು ಕೂಡುಕುಟುಂಬ. ಒಬ್ಬನಿಗೆ ಹೊಸ ಅಂಗಿ ಹೊಲಿಸಿದರೆ ಸಂಜೆಯೊಳಗೆ ಎಲ್ಲರೂ ಅಳತೆ ಕೊಡಲು ನಿಂತಿರುತ್ತಾರೆ.

ಇಷ್ಟೆಲ್ಲ ಆದ ಮೇಲೂ ಕಾರು ಕೆಮ್ಮುತ್ತಿತ್ತು, ಕರಿ ಹೊಗೆ ಬಿಡುತ್ತಿತ್ತು. ಇದಕ್ಕೆ ಕಾರಣ ನನ್ನದೇ ಶಾಣ್ಯಾತನ. ರೀಮ್ಯಾಪ್ ಆದ ವಾರವೇ ನಾನು ಗಾಳಿ ಸೋಸುವ ಫಿಲ್ಟರಿನ ಪೆಟ್ಟಿಗೆಯನ್ನು ಕಿತ್ತೆಸೆದು, ಅಣಬೆಯಂತಹ ತೆರೆದ ಫಿಲ್ಟರ್ ಹಾಕಿದ್ದೆ. ಗಾಳಿ ಎಳೆಯುವಾಗ ಸುಂಯ್ ಎಂದು ಸಿಳ್ಳೆ ಹಾಕುತ್ತದೆ, ಅಷ್ಟಕ್ಕೇ. ಬೇರೆ ಊರಿನಲ್ಲಾದರೆ ನಡೆಯುತ್ತಿತ್ತೇನೋ. ನಾನು ಕಾರು ನಿಲ್ಲಿಸುವುದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ. ಸುಗ್ಗಿಯಲ್ಲಿ ಅಲ್ಲಿ ತೊಟ್ಟು ಬಿಡಿಸುತ್ತಾರೆ, ಚೀಲ ತುಂಬುತ್ತಾರೆ, ತುಳಿಯುತ್ತಾರೆ. ಗಾಳಿಯೇ ಕೆಂಪಗಿರುತ್ತದೆ. ಮೊದಲಿಗಿಂತ ಹೆಚ್ಚು ಉಸಿರೆಳೆಯುವ ಎಂಜಿನ್ನಿನ ಮೂಗು ಬಿಚ್ಚಿ ನಾನು ಅದರ ನಡುವೆ ನಿಲ್ಲಿಸಿದ್ದೆ.

ಚಾಚಾ ಬಾನೆಟ್ ಎತ್ತಿದ. ಫಿಲ್ಟರ್ ಕೆಂಪು ಹಣ್ಣಾಗಿತ್ತು. "ಏನ್ ಇದು, ಕುಂಕುಮ ಹಚ್ಚಿ ಪೂಜಿ ಮಾಡೀಯೇನು?" ಅಂದ. ಅಷ್ಟು ವರ್ಷದ ಅನುಭವದವನು ಮೂಸಿ ನೋಡಬೇಕಿತ್ತು. ನೋಡಲಿಲ್ಲ. ಹೊರಗೆ ಹಿಡಿದು ಕಂಪ್ರೆಸರಿನ ಗಾಳಿ ಬಿಟ್ಟ.

ಮೊದಲು ಚಾಚಾ ಸೀನಿದ. ಆಮೇಲೆ ನಾನು. ಆಮೇಲೆ ಓಣಿಯೇ ಸೀನಿತು. ಚಹಾದವನು ಒಲೆ ಆರಿಸಿ ಓಡಿದ. ಝೆರಾಕ್ಸ್ ಅಂಗಡಿಯವನು ಶಟರ್ ಎಳೆದುಕೊಂಡು ಒಳಗೆ ಸೀನಿದ, ಶಟರ್ ನಡುಗಿತು. ಎದುರಿನ ಕಟಿಂಗ್ ಅಂಗಡಿಯಲ್ಲಿ ಒಬ್ಬರು ಮೀಸೆ ತಿದ್ದಿಸಿಕೊಳ್ಳುತ್ತಿದ್ದರು. ಕತ್ತರಿ ಹಿಡಿದವನು ಸೀನಿದ. ಅವರು ಅರ್ಧ ಮೀಸೆಯಲ್ಲಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಹೊರಗೆ ಬಂದು, "ಯಾಂವ ಲೇ ಅಂವಾ?" ಎಂದು ಕೂಗಿದರು. ನಾನು ಚಾಚಾನನ್ನು ತೋರಿಸಿದೆ. ಚಾಚಾ ಕಾರನ್ನು ತೋರಿಸಿದ. ಕಾರು ಸುಮ್ಮನೆ ನಿಂತಿತ್ತು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ ತಿಳಿದವರು. ಅವರು ಅಂದು ಆ ಓಣಿಯಲ್ಲಿ ಇರಲಿಲ್ಲ.

ಕಂಪನಿಯವರು ಕೊಟ್ಟ ಪೆಟ್ಟಿಗೆಯೇ ಮರಳಿ ಬಂತು. ಸಿಳ್ಳೆ ಹೋಯಿತು, ಕೆಮ್ಮೂ ಹೋಯಿತು. ನಾನು ಬುದ್ಧಿ ಕಲಿತೆ ಎಂದು ಹೇಳುವುದಿಲ್ಲ, ಅಷ್ಟು ಸುಲಭವಾಗಿ ಕಲಿಯುವ ಜಾತಿ ನನ್ನದಲ್ಲ. ಆದರೆ ಒಂದು ತಿಳಿಯಿತು. ಸಾಮಾನು ಬದಲಿಸುವುದು ಸುಲಭ, ಒಂದು ದಿನದ ಕೆಲಸ. ಆಮೇಲೆ ಅದನ್ನು ನೋಡಿಕೊಳ್ಳುವುದಿದೆಯಲ್ಲ, ಅದು ದಿನದಿನದ್ದು. ಮದುವೆಗೂ ಸಂಸಾರಕ್ಕೂ ಇರುವ ವ್ಯತ್ಯಾಸವೇ ಅದು. ಆಯಿಲ್ ಮೊದಲಿಗಿಂತ ಬೇಗ ಬದಲಿಸಬೇಕು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಕೂಡಲೇ ಒತ್ತಬಾರದು, ಆಯಿಲ್ ಮೈಗೆಲ್ಲ ಹರಿಯಲು ಬಿಡಬೇಕು. ಜೋರಾಗಿ ಓಡಿಸಿ ಬಂದರೆ ತಕ್ಷಣ ಬಂದ್ ಮಾಡಬಾರದು. ಟರ್ಬೊ ಕಾದಿರುತ್ತದೆ, ಸ್ವಲ್ಪ ಹೊತ್ತು ನಿಂತಲ್ಲೇ ಎಂಜಿನ್ ತಿರುಗಲು ಬಿಟ್ಟು ತಣಿಸಬೇಕು. ಹೀಗಾಗಿ ನಾನು ಮನೆಯ ಮುಂದೆ ಬಂದೂ ಇಳಿಯದೆ ಕಾರಿನಲ್ಲಿ ಕುಳಿತಿರುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಒಂದು ಸಂಜೆ ಕಿಟಕಿಗೆ ಬಾಗಿ, "ಯಾಕೋ ಎಪ್ಪಾ, ಒಳಗ ಕರ್ಕೊಳ್ಳವಲ್ಲಳೇನು?" ಎಂದು ಕನಿಕರದಿಂದ ಕೇಳಿತು.

ಶೈಲಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

"ನಾ ಚಾ ಕುದಿಸೂತನಾ ತಡಿಯಾವರಲ್ಲ ನೀವು. ಇದಕ್ಕ ಹೆಂಗ ಕಾಯ್ತೀರಿ?"

"ಕಾಯದಿದ್ರ ಸುಡ್ತೈತಿ."

"ನಾನೂ ಸುಡ್ತೇನಿ. ನಿಮಗ ಗೊತ್ತಾಗಂಗಿಲ್ಲ ಅಷ್ಟ."

ಮರುದಿನದಿಂದ ಅಡುಗೆಮನೆಯಲ್ಲಿ ಚಹಾ ಕುದಿಯುವವರೆಗೆ ಕುಳಿತೆ. ಕುದಿದ ಚಹಾ ನಿಜವಾಗಿ ಚೆನ್ನಾಗಿರುತ್ತದೆ.

ಒಂದು ಭಾನುವಾರ ಅವಳು ತುಂಬಿದ ಚರಿಗೆ ನೀರು ತಂದು ಪಕ್ಕದ ಸೀಟಿನ ಮೇಲೆ, ಸೀರೆಯ ಸಿಂಬೆ ಮಾಡಿ ಇಟ್ಟಳು. "ಇದನ್ನ ಮೋಟೆಬೆನ್ನೂರಿಗೆ ಕರ್ಕೊಂಡ ಹೋಗಿ ಬರ್ರಿ. ನೀರ ಚೆಲ್ಲದಿದ್ರ ನಾ ಬರ್ತೇನಿ."

ಹೋದೆ. ಮೊದಲ ಉಬ್ಬಿನಲ್ಲೇ ಅರ್ಧ ಚೆಲ್ಲಿತು. ಮೋಟೆಬೆನ್ನೂರಿನ ಬೋರಿನಲ್ಲಿ ಕಂಠದವರೆಗೆ ತುಂಬಿಸಿ, ಸೀಟು ಒರೆಸಿ, ನಿಧಾನಕ್ಕೆ ಓಡಿಸಿ, ಸಾಧುವಿನ ಮುಖ ಮಾಡಿಕೊಂಡು ಬಂದೆ. ಅವಳು ಚರಿಗೆ ಎತ್ತಿ ಒಂದು ಗುಟುಕು ಕುಡಿದಳು.

"ಸವಳ ನೀರು. ಇನ್ನೊಮ್ಮಿ ಹೋಗಿ ಬರ್ರಿ."

ಎರಡನೆಯ ಸಲ ಚೆಲ್ಲಲಿಲ್ಲ. ಹೇಗೆ ಓಡಿಸಿದೆ ಎಂದು ಕೇಳಬೇಡಿ. ಹಿಂದಿನಿಂದ ಬಂದವರೆಲ್ಲ ಯಾರನ್ನೋ ಆಸ್ಪತ್ರೆಗೆ ಒಯ್ಯುತ್ತಿದ್ದೇನೆ ಎಂದುಕೊಂಡು ದಾರಿ ಬಿಟ್ಟರು.

ಮುಂದಿನ ವಾರ ತವರಿಗೆ ಹೊರಟಾಗ ಅವಳು ತಾನಾಗಿ ಬಂದು ಪಕ್ಕದ ಸೀಟಿನಲ್ಲಿ ಕುಳಿತು ಬೆಲ್ಟು ಎಳೆದುಕೊಂಡಳು. ಹೈವೇ ಹತ್ತಿದೆವು. ಮೊದಮೊದಲು ಅವಳ ಕೈ ಬಾಗಿಲ ಹಿಡಿಕೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಮಡಿಲಿಗೆ ಬಂತು. ಕಾಕೋಳ ಬರುವುದರೊಳಗೆ ತಲೆ ಕಿಟಕಿಗೆ ಒರಗಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಹೋದಳು. ನಾನು ಈ ಕಾರಿನಲ್ಲಿ ಎಷ್ಟೋ ಗಾಡಿಗಳನ್ನು ಹಿಂದೆ ಹಾಕಿದ್ದೇನೆ. ಆ ಹೊತ್ತಿನ ಜಂಬ ಯಾವತ್ತೂ ಬಂದಿರಲಿಲ್ಲ. ಹೆದರಿದವರು ಕಿರುಚುತ್ತಾರೆ, ನಂಬಿದವರು ಗೊರಕೆ ಹೊಡೆಯುತ್ತಾರೆ. ಅವಳು ಸಣ್ಣಗೆ ಹೊಡೆಯುತ್ತಿದ್ದಳು.

ಎಚ್ಚರವಾದೀತೆಂದು ಕಾಲಿನ ಭಾರವನ್ನೇ ತೆಗೆದೆ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದು ಹೋದವು. ಗೋವಿನಜೋಳ ಹೇರಿದ ಟೆಂಪೊ ಹೋಯಿತು. ಕೊನೆಗೆ ಮೊಪೆಡ್ಡಿನ ಮೇಲೆ ಮುದುಕನೊಬ್ಬ, ಹಿಂದೆ ಎರಡು ಕೋಳಿ ಕಟ್ಟಿಕೊಂಡು, ನನ್ನನ್ನು ದಾಟಿದ. ದಾಟುವಾಗ ನನ್ನ ಕಡೆ ನೋಡಿ, ಕೆಟ್ಟಿದೆಯೇನೋ ಪಾಪ ಎಂಬಂತೆ ತಲೆ ಆಡಿಸಿದ. ಕೋಳಿಗಳೂ ನೋಡಿದವು. ನಾನು ಹಲ್ಲು ಕಚ್ಚಿ ಹಾಗೇ ಹೋದೆ.

ಆ ಮೊಪೆಡ್ಡಿನ ಸದ್ದಿಗೆ ಶೈಲಾ ಕಣ್ಣು ಬಿಟ್ಟಳು. ಹೊರಗೆ ನೋಡಿದಳು. ಮುಂದೆ ಹೋಗುತ್ತಿದ್ದ ಕೋಳಿಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ರೀ, ಇಷ್ಟೆಲ್ಲಾ ಹಾಕ್ಸಿದ್ದು ಹಿಂಗ ಹೊಡ್ಯಾಕೇನು? ಮರ್ಯಾದಿ ಐತೋ ಇಲ್ಲೋ? ಒತ್ರಿ ಸ್ವಲ್ಪ!"

ಒತ್ತಿದೆ.