ಕಾಕಾನ ನಾಲಿಗೆಯ ಸದ್ದು

ಬೆಟಗೇರಿಯ ನಮ್ಮ ಓಣಿಯಲ್ಲಿ ನಾನು ಅಣಕಿಸದೆ ಬಿಟ್ಟವರಿಲ್ಲ. ಮೂಗಿನಿಂದ ‘ಶಿರಹಟ್ಟಿ, ಶಿರಹಟ್ಟಿ’ ಎನ್ನುವ ಕಂಡಕ್ಟರ್, ಲಕ್ಷ್ಮೇಶ್ವರಕ್ಕೆ ಹೆಣ್ಣು ನೋಡಲು ಹೋಗಿ ಹೆಸರು ಹೇಳಲಾರದೆ ತೊದಲಿದ ನಾನು, ಎಲ್ಲರೂ ನನ್ನ ಸರಕೇ. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ಕಾಕಾನ ಅಣಕವನ್ನು.

ಕಾಕಾ ಅಂದರೆ ಅಪ್ಪನ ತಮ್ಮ, ಸಾವಜಿ ಖಾನಾವಳಿ ನಡೆಸುವವ. ಮಟನ್ ರಸ್ಸಾ ಕುದಿಯುವಾಗ ಸೌಟಿನಿಂದ ಒಂದು ಹನಿ ಎಡ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಕಣ್ಣು ಮುಚ್ಚುತ್ತಿದ್ದ. ಆಮೇಲೆ ನಾಲಿಗೆಯಿಂದ ‘ಟಕ್’. ಆ ಸದ್ದು ಕೇಳಿದ ಮೇಲೆಯೇ ಅವನ ಹೆಂಡತಿ, ನನ್ನ ಕಾಕು, ಒಲೆ ಆರಿಸುವುದು.

ಹೋದ ವರ್ಷ ಅವನ ಗಂಟಲಲ್ಲಿ ಗಡ್ಡೆ ಬಂತು. ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟರು. ಗಡ್ಡೆ ಹೋಯಿತು, ಅದರ ಬೆನ್ನಿಗೇ ರುಚಿಯೂ ಹೋಯಿತು. ‘ಬರ್ತೈತಿ, ತಡೀರಿ’ ಅಂದಿದ್ದರು ಡಾಕ್ಟರು. ಬರಲಿಲ್ಲ. ಎರಡು ಸಲ ಉಪ್ಪಿನ ಮೇಲೆ ಉಪ್ಪು ಹಾಕಿದ ನಂತರ ಕಾಕಾ ಸೌಟು ಮುಟ್ಟುವುದನ್ನೇ ಬಿಟ್ಟ. ಒಲೆಗೆ ಬೆನ್ನು ಮಾಡಿ ಗಲ್ಲಾದ ಮುಂದೆ ಕೂತ. ನಾನೂ ಆ ‘ಟಕ್’ ಮಾಡುವುದನ್ನು ನಿಲ್ಲಿಸಿದೆ.

ಗೋವಾದ ಹೋಟೆಲಿನಲ್ಲಿ ಕೆಲಸ ಮಾಡುವ ಮುಳಗುಂದದ ಗೆಳೆಯ ಇಟಲಿಯ ಕೆಂಪು ವೈನ್ ತಂದುಕೊಟ್ಟ. “ಮಟನ್ ಜೋಡಿ ಕುಡೀಲೇ, ಸತ್ತ ನಾಲಿಗಿನೂ ಎದ್ದು ಕುಂಡ್ರತೈತಿ.” ಅವನು ಅಂದದ್ದು ಚೇಷ್ಟೆಗೆ. ನಾನು ಬಾಟಲಿಯನ್ನು ಸೀದಾ ಕಾಕಾನ ಹತ್ತಿರ ಒಯ್ದೆ.

ಮಧ್ಯಾಹ್ನದ ಗಿರಾಕಿಗಳು ಹೋಗಿದ್ದರು. ಒಳಗೆ ರಾತ್ರಿಯ ರಸ್ಸಾ ಕುದಿಯುತ್ತಿತ್ತು. ಹಿತ್ತಲಲ್ಲಿ ಕಾಕು ರೊಟ್ಟಿ ಬಡಿಯುತ್ತಿದ್ದಳು. ಬಾಟಲಿಯ ಬಿರಡೆ ಹೊರಗೆ ಬರಲಿಲ್ಲ. ಸೌಟಿನ ಹಿಡಿಯಿಂದ ಒಳಗೇ ತಳ್ಳಿದೆ. ಮೊಬೈಲಿನಲ್ಲಿ ವೈನ್ ರುಚಿ ನೋಡುವವರನ್ನು ಕಂಡಿದ್ದೆನಲ್ಲ, ಸ್ಟೀಲ್ ಲೋಟ ತಿರುಗಿಸಿ ಮೂಗು ತೂರಿಸಿದೆ.

“ಆಹಾ! ನೇರಳೆಹಣ್ಣು, ಹಸಿ ಮಣ್ಣು, ಹಳೇ ಚಪ್ಪಲಿ...”

“ಚಪ್ಪಲಿ ರುಚಿ ನಿನಗ ಗೊತ್ತಿರಬೇಕ ಬಿಡಲೇ,” ಅಂದ ಕಾಕಾ, “ನಮ್ಮಣ್ಣನ ಕೈಯಾಗ ಭಾಳ ತಿಂದೀ.”

ಒಂದು ಗುಟುಕು ಕುಡಿದ. ಮುಖ ಬಿಗಿಯಿತು. ಇನ್ನೊಂದು ಕುಡಿದ.

“ಏ... ಒಗರ ಐತಲ್ಲೋ!”

ನನ್ನ ಬಾಯಿಯೂ ಹಸಿ ಬಾಳೆಕಾಯಿ ಕಚ್ಚಿದಂತೆ ಆಗಿತ್ತು. “ಖರೇನ ಕಾಕಾ? ಒಗರ ಹತ್ತಿತೇನು?”

“ಹೋಗು, ರಸ್ಸಾ ತಗೊಂಬಾ. ಜಲ್ದಿ!”

ಓಡಿ ಹೋಗಿ ಸೌಟು ತುಂಬಿ ತಂದೆ. ಕಾಕಾ ಎಡ ಅಂಗೈ ಚಾಚಿದ. ಹನಿ ಬಿಟ್ಟುಕೊಂಡ, ನೆಕ್ಕಿದ, ಕಣ್ಣು ಮುಚ್ಚಿದ. ಸದ್ದಿಗಾಗಿ ನಾನು ಉಸಿರು ಹಿಡಿದು ನಿಂತೆ.

“ಬಿಸಿ ಐತಿ,” ಅಂದ. “ಖಾರ ಸುಡತೈತಿ. ಅಷ್ಟ.”

“ಮತ್ತ ವೈನು?”

“ನಾಲಿಗಿ ಬಿಗದಂಗ ಆತು. ಮುಳ್ಳು ಚುಚ್ಚಿದ್ರ ಗೊತ್ತಾಗೂದಿಲ್ಲೇನು, ಹಂಗ. ರುಚಿ ಅಲ್ಲಪಾ ಅದು.”

ಲೋಟ ದೂರ ಸರಿಸಿದ. “ನಾ ಹೆಂಗ ಮಾಡತಿದ್ನಿ, ಒಮ್ಮೆ ಮಾಡಿ ತೋರಸು” ಅಂದ.

ಯಾರೂ ಕೇಳದಿದ್ದರೂ ಕುಣಿಯುವ ಮಂಗ ನಾನು. ಆವತ್ತು ಕೈ ಏಳಲಿಲ್ಲ. ಅವನು ನೋಡುತ್ತಲೇ ಇದ್ದ. ಕೊನೆಗೆ ಹನಿ ಬಿಟ್ಟುಕೊಂಡೆ, ನೆಕ್ಕಿದೆ, ಕಣ್ಣು ಮುಚ್ಚಿದೆ. ಟಕ್.

ಹಿತ್ತಲಿನ ರೊಟ್ಟಿ ಬಡಿತ ನಿಂತಿತು.

ಕಾಕು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನನ್ನ ಕಡೆ ನೋಡಲೂ ಇಲ್ಲ. “ಬಂತೇನ್ರಿ? ರುಚಿ ಬಂತೇನ್ರಿ?”

ಕಾಕಾ ಒಣ ಅಂಗೈಯನ್ನು ಲುಂಗಿಗೆ ಒರೆಸಿಕೊಂಡ.

“ಅಂವ ಮಾಡಿದ್ದದು.”

ಅವಳು ಆಗ ನನ್ನ ಕಡೆ, ನನ್ನ ಕೈಯ ಸೌಟಿನ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ಒಲೆ ಆರಿಸಿದಳು.