ಬೆವರದ ಕೂಸು

೧೯೮೧ರ ಏಪ್ರಿಲ್. ಆಗಿನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನು ವೈದ್ಯಾಧಿಕಾರಿಯಾಗಿ ಬಂದು ವರ್ಷ ತುಂಬಿರಲಿಲ್ಲ. ಚನ್ನಗಿರಿಯಲ್ಲಿ ಹುಟ್ಟಿ ಬೆಳೆದ ನನಗೆ ಆ ಬಿಸಿಲು ಒಗ್ಗಲೇ ಇಲ್ಲ. ಹತ್ತು ಗಂಟೆಗೆಲ್ಲ ರವಿಕೆ ತೊಯ್ದು ಬೆನ್ನಿಗೆ ಅಂಟುತ್ತಿತ್ತು. ಎದುರಿಗೆ ಕೂತ ಕಾಂಪೌಂಡರ್ ಮಾತ್ರ ಇಸ್ತ್ರಿ ಮಾಡಿದ ಅಂಗಿಯಲ್ಲಿ ಆರಾಮಾಗಿರುತ್ತಿದ್ದರು. "ಮೇಡಂ, ನಿಮ್ಮ ಸೆರಗು ಹಿಂಡಿದ್ರೆ ಒಂದು ಕೊಡ ನೀರು ಸಿಗ್ತೈತೆ ನೋಡ್ರಿ" ಎಂದು ಚೇಷ್ಟೆ ಬೇರೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಆ ಹಾಳು ಬೆವರಿಗೆ ದಿನಾ ಶಾಪ ಹಾಕುತ್ತಿದ್ದೆ.

ಅಂಥದೊಂದು ಮಧ್ಯಾಹ್ನ ಕರಿಬಸಮ್ಮ ಎಂಬ ಹೆಣ್ಣುಮಗಳು ತನ್ನ ಅತ್ತೆಯ ಜೊತೆ ಓಡೋಡಿ ಬಂದಳು. ಕಂಬಳಿಯಲ್ಲಿ ಸುತ್ತಿದ ಏಳು ತಿಂಗಳ ಗಂಡುಕೂಸು. ಥರ್ಮಾಮೀಟರ್ ಇಟ್ಟರೆ ನೂರೈದು ಡಿಗ್ರಿ. ಇದಕ್ಕೆ ಮುಂಚೆ ಹುಟ್ಟಿದ ಎರಡು ಗಂಡುಮಕ್ಕಳೂ ವರ್ಷ ತುಂಬುವ ಮೊದಲೇ, ಬೇಸಿಗೆಯಲ್ಲಿ, ಹೀಗೇ ಮೈ ಸುಟ್ಟು ತೀರಿಕೊಂಡಿದ್ದವಂತೆ. ಇದಾದರೂ ಉಳಿಯಲಿ ಎಂದು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪೇಶ ಎಂದು ಹೆಸರಿಟ್ಟಿದ್ದರು. "ಇದೂ ಹೋದ್ರೆ ನಾನು ಬಾವಿ ನೋಡ್ಕಂತೀನಿ ಡಾಕ್ಟ್ರಮ್ಮ" ಎಂದಳು ಕರಿಬಸಮ್ಮ. ಸುಮ್ಮನೆ ಅಂದ ಮಾತಲ್ಲ ಅದು, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಒಳರೋಗಿಯಾಗಿ ಸೇರಿಸಿಕೊಂಡು ಜ್ವರದ ಔಷಧಿ ಕೊಟ್ಟೆ, ಪೆನಿಸಿಲಿನ್ ಚುಚ್ಚಿದೆ. ರಕ್ತದಲ್ಲಿ ಮಲೇರಿಯಾ ಇರಲಿಲ್ಲ, ಎದೆಯೂ ಸ್ವಚ್ಛವಾಗಿತ್ತು. ಕಂಬಳಿ ತೆಗೆಸಿ ಹಣೆಗೆ ಒದ್ದೆ ಬಟ್ಟೆ ಹಾಕಿಸಿ ನಾನು ಅತ್ತ ತಿರುಗುವುದೇ ತಡ, ಇತ್ತ ಅತ್ತೆ ಮತ್ತೆ ಹೊದಿಸುತ್ತಿದ್ದಳು. ನನಗೆ ರೇಗಿಹೋಯಿತು. "ಏನ್ರಮ್ಮಾ, ಕೂಸನ್ನ ಬೇಯಿಸ್ತಾ ಇದೀರೇನು?" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆ.

ವಿಚಿತ್ರವೆಂದರೆ ಬೆಳಗಿನ ಹೊತ್ತು ಮಗುವಿನ ಮೈ ತಣ್ಣಗಿರುತ್ತಿತ್ತು. ಕೈಕಾಲು ಬಡಿದು ನಗುತ್ತಿತ್ತು. ಹೊರಗೆ ಜಗುಲಿ ಕಂಬದ ನೆರಳು ಗಿಡ್ಡವಾಗುತ್ತಾ ಬಂದಂತೆ ಮೈ ಕಾಯತೊಡಗುತ್ತಿತ್ತು. ಆ ನೆರಳನ್ನೇ ನೋಡುತ್ತಾ ಕರಿಬಸಮ್ಮ ಗಡಗಡ ನಡುಗುವಳು. ನಾನೂ ಕದ್ದು ಕದ್ದು ಅದನ್ನೇ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ವಿಪರೀತ ಭಯವಾಗಿತ್ತು. ಪಕ್ಕದ ಮಂಚದ ಮಗು ಅದೇ ಸೆಕೆಯಲ್ಲಿ ಬೆವರಿ ತೊಪ್ಪೆಯಾಗಿ ನಿದ್ದೆ ಹೊಡೆಯುತ್ತಿತ್ತು. ಇದಕ್ಕೇ ಏನಾಗಿದೆ?

ಮೂರನೆಯ ದಿನ ನ್ಯಾಮತಿಯಿಂದ ಕರಿಬಸಮ್ಮನ ಅಣ್ಣ ಹಾಲೇಶಪ್ಪ ಬಂದ. ತಲೆಯ ಮೇಲೆ ನೀರು ತೊಟ್ಟಿಕ್ಕುವ ಟವೆಲ್, ಮೈಗಂಟಿದ ಒದ್ದೆ ಅಂಗಿ. ಆಗ ತಾನೇ ಒರೆಸಿದ ನೆಲವೆಲ್ಲ ರಾಡಿ.

"ಏನಪ್ಪಾ, ಇದು ಆಸ್ಪತ್ರೆನೋ, ಹೊಳೆದಂಡೆನೋ?" ಎಂದೆ.

"ಸಿಟ್ಟಾಗಬೇಡ್ರೀ ಮೇಡಂ. ಒಣಬಟ್ಟೆ ಹಾಕ್ಕಂಡ್ರೆ ನಾನು ಬಿದ್ದೇ ಹೋಗ್ತೀನಿ. ಬಸ್ ನಿಂತಲ್ಲೆಲ್ಲ ನೆನಸ್ಕಂಡು ಬಂದೀನಿ. ಬೆವರೋದು ಅಂದ್ರೆ ಹೆಂಗಿರ್ತೈತೆ ಅಂತ ನಂಗೆ ಗೊತ್ತೇ ಇಲ್ರೀ. ಊರಾಗೆ ಎಮ್ಮೆ ಅಂತಲೇ ಕರೀತಾರೆ" ಎಂದು ನಕ್ಕ. ಬಾಯಲ್ಲಿ ಮೊನಚಾದ ಎರಡೇ ಹಲ್ಲು. ಟವೆಲ್ ತೆಗೆದಾಗ ತಲೆಯ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು. ಮಗುವಿನ ತಲೆಯೂ ಹಾಗೇ ಇತ್ತು.

ತಕ್ಷಣ ಮಗುವಿನ ಕಂಕುಳಿಗೆ, ಕತ್ತಿನ ಮಡಿಕೆಗೆ ಬೆರಳಿಟ್ಟೆ. ಬೆಂಕಿಯಂಥ ಮೈ, ಒಂದು ಹನಿ ಪಸೆಯಿಲ್ಲ. ಓದುವಾಗ ಪುಸ್ತಕದಲ್ಲಿ ಒಮ್ಮೆ ಕಣ್ಣಾಡಿಸಿದ್ದ ಹೆಸರು ನೆನಪಾಯಿತು: ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ. ಹುಟ್ಟಿನಿಂದಲೇ ಬೆವರಿನ ಗ್ರಂಥಿಗಳಿಲ್ಲದ, ಕೂದಲು, ಹಲ್ಲುಗಳೂ ಸರಿಯಾಗಿ ಬಾರದ ಸ್ಥಿತಿ. ತಾಯಿಯ ಕಡೆಯಿಂದ ಬಂದು ಹೆಚ್ಚಾಗಿ ಗಂಡುಮಕ್ಕಳನ್ನೇ ಹಿಡಿಯುತ್ತದೆ. ಹೊರಗಿನ ಸೆಕೆ ಮೈಯೊಳಗೆ ಸಿಕ್ಕಿಕೊಳ್ಳುತ್ತದೆ. ಜ್ವರವೇ ಅಲ್ಲದ ಮೇಲೆ ಜ್ವರದ ಔಷಧಿ ಏನು ಮಾಡೀತು?

ಅಷ್ಟರಲ್ಲಿ ಮಗುವಿಗೆ ಫಿಟ್ಸ್ ಬಂತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಇಂಜೆಕ್ಷನ್ ಕೊಟ್ಟು, "ಬಟ್ಟೆ ಎಲ್ಲಾ ಬಿಚ್ಚಿ, ಪೂರ್ತಿ ಮೈ ನೆನೆಸಬೇಕು" ಎಂದೆ. ಅತ್ತೆ ಅಡ್ಡ ನಿಂತಳು. "ಸುಡೋ ಮೈಗೆ ತಣ್ಣೀರಾ? ಸನ್ನಿಯಾಗಿ ಸಾಯ್ತೈತೆ. ಮುಟ್ಟಾಕೆ ಬಿಡಲ್ಲ!" ನನ್ನ ಊಹೆ ತಪ್ಪಾಗಿದ್ದರೆ? ಕರಿಬಸಮ್ಮ ಅಣ್ಣನ ಮುಖ ನೋಡಿದಳು, ಮಗುವಿನ ಮುಖ ನೋಡಿದಳು. ಅತ್ತೆಯನ್ನು ಸರಿಸಿ ತಾನೇ ಕಂಬಳಿ ಕಿತ್ತೆಸೆದಳು. ನಾನು ಶುಭ್ರವಾದ ಬಟ್ಟೆಯನ್ನು ಗಡಿಗೆಯ ನೀರಿಗೆ ಅದ್ದಿ ಮಗುವಿಗೆ ಸುತ್ತಿದೆ. ಹಾಲೇಶಪ್ಪ ಮೊರದಿಂದ ಗಾಳಿ ಬೀಸಿದ. ಬಟ್ಟೆ ಆರಿದಂತೆಲ್ಲ ಮತ್ತೆ ನೆನೆಸಿದೆವು.

ಮಗು ಅಲುಗಾಡದೆ ಮಲಗಿಬಿಟ್ಟಿತು. ಉಸಿರಿದೆಯೋ ಇಲ್ಲವೋ ಎಂದು ನಾನು ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದೆ. ಥರ್ಮಾಮೀಟರ್ ನೂರಾನಾಲ್ಕಕ್ಕೆ ಇಳಿಯಿತು, ಆಮೇಲೆ ನೂರಾಎರಡು. ಬಿಸಿಲು ಇಳಿಯುವ ಹೊತ್ತಿಗೆ ಕಣ್ಣು ಬಿಟ್ಟು ನನ್ನ ಸೀರೆಯ ಮೇಲೇ ಉಚ್ಚೆ ಹೊಯ್ದು ಕಿರುಚಿತು. ಅಷ್ಟು ಖುಷಿಯಾಗಿ ನಾನು ಎಂದೂ ಸೀರೆ ಒಗೆದಿಲ್ಲ.

ಸಂಜೆ ಕರಿಬಸಮ್ಮನಿಗೆ ವಿವರಿಸಿದೆ. ಔಷಧಿ ಬೇಡ, ನೀರೇ ಇವನ ಬೆವರು. ಬಿಸಿಲಿನಲ್ಲಿ ಒದ್ದೆ ಅಂಗಿ ಬಿಚ್ಚಬಾರದು, ಕಂಬಳಿ ಹತ್ತಿರ ತರಬಾರದು. ಎಲ್ಲದಕ್ಕೂ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾದ್ರೆ ಡಾಕ್ಟ್ರಮ್ಮ, ಮೊದಲಿನೆರಡನ್ನೂ ನಾನೇ ಬೇಯಿಸಿದ್ನೇನ್ರಿ?"

ನನ್ನದೇ ಮಾತು. "ನಿನಗೆ ಗೊತ್ತಿರಲಿಲ್ಲ ಕಣಮ್ಮಾ" ಎಂದೆ. "ಗೊತ್ತಿರ್ಲಿಲ್ಲ ಅಂದ್ರೆ ಅವು ತಿರುಗಿ ಬರ್ತಾವೇನ್ರಿ?" ಎಂದಳು.

ದಾವಣಗೆರೆಯ ಚರ್ಮವೈದ್ಯರು ನನ್ನ ಊಹೆ ಸರಿಯೆಂದರು. ತಿಪ್ಪೇಶ ಬೇಸಿಗೆಗಳನ್ನು, ಜಗಳೂರಿಗಿಂತ ತಂಪಾದ ನ್ಯಾಮತಿಯ ಸೋದರಮಾವನ ಮನೆಯಲ್ಲಿ ಕಳೆಯುತ್ತಾ ಬೆಳೆದ. ಒಂದೇ ಬಿಸಿಲು ಎಲ್ಲರ ಮೈಗೂ ಒಂದೇ ಅಲ್ಲ ಎಂದು ಅವನಿಂದ ಕಲಿತೆ. ಅವನ ತಾಯಿಯಿಂದ ಕಲಿತದ್ದು ಬೇರೆ. ಅಲ್ಲಿಂದಾಚೆ ಜ್ವರದ ಮಗುವನ್ನು ಬೆಚ್ಚಗೆ ಹೊದಿಸಿಕೊಂಡು ಎಷ್ಟೋ ತಾಯಂದಿರು ಬಂದರು. ಬೈಗುಳ ಬಾಯಿಗೆ ಬಂದರೂ ನುಂಗಿಕೊಂಡು ಹೊದಿಕೆಯನ್ನು ನಾನೇ ತೆಗೆದೆ. ತೆಗೆಯುತ್ತಾ, ಆದಷ್ಟು ಮೆಲ್ಲಗೆ, ಇದಕ್ಕೆ ಮುಂಚೆ ಎಷ್ಟು ಮಕ್ಕಳಮ್ಮಾ, ಎಲ್ಲಾ ಉಳಿದಿದಾವಾ ಎಂದು ಕೇಳಿದೆ.