ಅಳಿಯಗ್ಯಾಕ ಮುಟಗಿ ಇಲ್ಲ?

ಒಳಗ ಅಡಗಿ ಮನ್ಯಾಗ ಒಳ್ಳಿನ ಸಪ್ಪಳ ಸುರು ಆಗ್ಯಾದ. ಧಬ್, ಧಬ್. ಅದರ ಬೆನ್ನ ಹತ್ತಿ ಬಳ್ಳೊಳ್ಳಿ ವಾಸನಿ ಪಡಸಾಲಿಗೆ ಬಂದದ. ನನ್ನ ಎದುರಿಗೆ ಗಾದಿ ಮ್ಯಾಲೆ ಹೆಂಡತಿ ತಂಗಿಯ ಗಂಡ ಕುಂತಾನ. ಜೇವರ್ಗಿ ಕಡೆ, ಅಂದೋಲಾದಾಂವ. ಮದಿವ್ಯಾದ ಮ್ಯಾಲೆ ಅಫಜಲಪುರದ ಈ ಮಾವನ ಮನಿಗೆ ಇದೇ ಮೊದಲ ಸಲ ಬಂದಾನ. ಮುಂದ ಸಿರಾದ ತಾಟು, ಸಿರಾದ ಮ್ಯಾಲೆ ತುಪ್ಪ, ತುಪ್ಪದ ಮ್ಯಾಲೆ ಗೋಡಂಬಿ. ಪಾಪ, ಕೈ ಸಿರಾದಾಗ ಅದ, ಮೂಗ ಅಡಗಿ ಮನ್ಯಾಗ ಅದ.

ಆ ಮೂಗ ನನಗ ಚೆಂದಾಗಿ ಗೊತ್ತು. ನಾಕ ವರ್ಷದ ಹಿಂದ ಇದೇ ಗಾದಿ ಮ್ಯಾಲೆ ನನ್ನ ಮೂಗ ಹಿಂಗೇ ನಿಂತಿತ್ತು.

ಮುಟಗಿ ಗೊತ್ತಿಲ್ಲದವರು ಯಾರರ ಇದ್ರ ಹೇಳ್ತೇನಿ ಕೇಳ್ರಿ. ಜ್ವಾಳದ ದಪ್ಪ ರೊಟ್ಟಿ ಹಂಚಿನ ಮ್ಯಾಲಿಂದ ಸೀದಾ ಒಳ್ಳಿಗೆ ಬೀಳಬೇಕು. ಬಳ್ಳೊಳ್ಳಿ, ಜೀರಗಿ, ಉಪ್ಪು, ಖಾರ ಹಾಕಿ, ಹೊಗಿ ಆಡೂದ್ರಾಗ ಕುಟ್ಟಿ, ಎಣ್ಣಿ ಬಿಟ್ಟು, ಮುಷ್ಟ್ಯಾಗ ಗಟ್ಟಿ ಹಿಚಕಬೇಕು. ಅಷ್ಟೇ. ಆಳಂದ ತಾಲೂಕಿನ ಮಟಕ್ಯಾಗ ನಮ್ಮವ್ವ ದಿನಾ ಮುಂಜಾನಿ ಒಂದ ಹಿಚಕಿ ಕೈಯಾಗ ಇಟ್ಟು ಸಾಲಿಗೆ ಅಟ್ಟತಿದ್ಲು. ತಾಟಿಲ್ಲ, ವಾಟಗಾ ಇಲ್ಲ, ನಡಕೋತ ತಿನ್ನೂದು. ಎಣ್ಣಿ ಕೈಯಿಂದ ಪಾಟಿ ಹಿಡದು, ಅದರ ಮ್ಯಾಲೆ ಬಳಪ ಮೂಡದ, ಲೆಕ್ಕ ಬರದಾಂವ ಅಂತ ಹೆಸರ ಪಡದಾಂವ ನಾನು. ಲೆಕ್ಕ ಹಂಗೂ ಬರ್ತಿರಲಿಲ್ಲ ಅನ್ನೂದು ಬ್ಯಾರೆ ಮಾತು.

ಮುಂದ ಗುಲ್ಬರ್ಗಾದಾಗ ಹಾಸ್ಟೆಲ್ ಸೇರಿದೆ. ಚಹಾದಾಗ ಬನ್ ಅದ್ದೂದ ಕಲತೆ. ಮುಟಗಿ ಅನ್ನೂದು ಲೋಕದಾಗ ಅದ ಅನ್ನೂದೇ ಮರತಬಿಟ್ಟೆ. ನೆನಪಾಗಿದ್ದು ನಾ ಹೊಸ ಅಳಿಯ ಆಗಿ ಈ ಗಾದಿ ಮ್ಯಾಲೆ ಕುಂತಾಗ. ಆ ವಾಸನಿ ಬಂತು ನೋಡ್ರಿ, ಬಾಯಾಗ ಎಷ್ಟು ನೀರ ಬಂತಂದ್ರ ಭೀಮಾ ನದಿಗೆ ಒಂದೀಟ ಕಳಸಬಹುದಿತ್ತು. ಒಳಗ ಮನಿ ಹುಡುಗರೆಲ್ಲಾ ಮುಟಗಿ ತಿನ್ನಾಕತ್ತಿದ್ರು. ನನ್ನ ಮುಂದ ಮಾತ್ರ ಸಿರಾ. ಮುಂಜಾನಿ ಸಿರಾ, ಮಧ್ಯಾಹ್ನ ಹೋಳಗಿ, ಸಂಜಿಕ ಮತ್ತ ಸಿರಾ. ಅಲ್ರಿ, ನಾ ಏನ ತಪ್ಪ ಮಾಡಿದ್ದೆ? ಇವರ ಮಗಳನ್ನ ಮದಿವ್ಯಾಗಿದ್ದೆ, ಅಷ್ಟೇ.

ಹೆಂಡತಿ ಮಾದೇವಿನ್ನ ಕರದು ಕಿವ್ಯಾಗ ಕೇಳಿದೆ, ಒಂದ ಮುಟಗಿ ತಗೊಂಡ ಬಾ ಅಂತ. ಆಕಿ ನನ್ನ ಹೆಂಗ ನೋಡಿದ್ಲಂದ್ರ, ಬೀಡಿ ಕೇಳ್ಯಾನೇನೋ ಅನ್ನೂ ಹಂಗ.

"ಸುಮ್ಮ ಕುಂದರ್ರಿ. ಅಳಿಯಗ ಮುಟಗಿ ಕೊಟ್ರಂತ ಓಣ್ಯಾಗ ಗೊತ್ತಾದ್ರ ನಮ್ಮವ್ವ ಮಾರಿ ಎತ್ತಿ ತಿರಗಾಡಬೇಕೋ ಬ್ಯಾಡೋ?"

ನನ್ನ ಹೊಟ್ಟಿಗಿಂತ ಓಣಿ ದೊಡ್ಡದು. ಸಿಟ್ಟ ನೆತ್ತಿಗೇರಿತು. ನೇರ ಅತ್ತಿಗೇ ಕೇಳೂಣು ಅಂದ್ರ, ಅತ್ತಿ ಅಳಿಯನ ಕೂಡ ಮಾತಾಡಂಗಿಲ್ಲ. ಸೆರಗ ಹೊತಗೊಂಡು, ಬಾಗಲ ಹಿಂದ ನಿಂತು, ಗ್ವಾಡಿಗೆ ಹೇಳ್ತಿದ್ಲು, ಇನ್ನೊಂದೀಟ ಸಿರಾ ಬೇಕೇನು ಕೇಳ್ರಿ ಅಂತ. ಗ್ವಾಡಿ ಎಂದೂ ಬ್ಯಾಡ ಅನ್ನಲಿಲ್ಲ.

ಆಗ ನನ್ನ ತಲಿ ಓಡಿತು. ನನ್ನ ತಲಿ ಓಡಿದಾಗೆಲ್ಲಾ ನಾನು ಕುಂಟೇನಿ. ಮಾವಗ ಹೇಳಿದೆ, ಮಾಮಾ, ಹೊಟ್ಟಿ ಸರಿ ಇಲ್ಲ, ಏನರ ಸಾದಾ ತಿನ್ನಾಕ ಕೊಡ್ರಿ ಅಂತ. ಸಾದಾ ಅಂದ್ರ ಮುಟಗಿ ಅಂತ ಕೂಸಿಗೂ ತಿಳೀತದ. ಮಾವಗ ತಿಳೀಲಿಲ್ಲ. ಆಂವ ಚಪ್ಪಲಿ ಮೆಟ್ಟಿ ಬಜಾರಕ್ಕ ಓಡಿ ಬ್ರೆಡ್ ತಂದ, ಕೂಡ ಡಾಕ್ಟರನ್ನೂ ತಂದ. ಓಣಿ ಮಂದಿ ಆಯ್ತವಾರದ ಟೀವಿ ಬಿಟ್ಟು ಅಳಿಯನ್ನ ನೋಡಾಕ ಬಂದ್ರು. ಎಲ್ಲರ ಎದುರಿಗೆ ನಾ ಬೋರಲ ಮಲಗಿ ಸೂಜಿ ಮಾಡಿಸಿಕೊಂಡೆ. ಬ್ಯಾನಿ ಇಲ್ಲದ ಹೊಟ್ಟಿಗೆ, ಬ್ಯಾರೆ ಜಾಗಾದಾಗ.

ಮರದಿನ ಕುಂಡಿ ನೋವಿಗೆ ಕುಂದರಾಕ ಬರದ ಎದ್ದು ಸೀದಾ ಅಡಗಿ ಮನಿಗೆ ನಡದೆ. ಅತ್ತಿ ಹಿತ್ತಲದಾಗ ಇದ್ಲು. ಕೈಗೆ ಸಿಕ್ಕ ರೊಟ್ಟಿ ಒಳ್ಳಿಗೆ ಹಾಕಿ, ಒನಕಿ ಎತ್ತಿ ಹಾಕಿದೆ. ಅದು ನಿನ್ನಿ ಕಡಕ್ ರೊಟ್ಟಿ. ಫಟ್ ಅಂತ ಸಿಡದು ಒಂದ ಚೂರ ನನ್ನ ಹಣಿಗೆ, ಒಂದ ಹಾಲಿನ ಗಡಿಗ್ಯಾಗ, ಉಳದಿದ್ದು ಬೆಕ್ಕಿನ ಮ್ಯಾಲೆ. ಸಪ್ಪಳಕ್ಕ ಅತ್ತಿ ಓಡಿ ಬಂದ್ಲು. ನನ್ನ ನೋಡಿ ಸೆರಗ ಎಳಕೊಂಡು ಗ್ವಾಡಿ ಕಡೆ ತಿರಗಿದ್ಲು. "ಏನ ಬೇಕಾಗಿತ್ತು ಕೇಳ್ರಿ," ಅಂದ್ಲು. ಕೇಳಾಕ ಅಲ್ಲಿ ಯಾರೂ ಇರಲಿಲ್ಲ. ಬೆಕ್ಕೂ ಓಡಿತ್ತು.

ನನಗ ಅಳು ಬಂದಂಗ ಆಗಿತ್ತು, ಖರೇನ ಹೇಳ್ತೇನಿ. ಗ್ವಾಡಿಗೇ ಹೇಳಿದೆ, "ಮುಟಗಿ ಬೇಕಾಗಿತ್ರಿ. ನಮ್ಮವ್ವ ಮಾಡ್ತಿದ್ಲು."

ಅತ್ತಿ ಸೆರಗ ಹಿಂದ ಸರಿಸಿ ನನ್ನ ಮಾರಿ ನೋಡಿದ್ಲು.

"ಸರಿ ಅತ್ಲಾಗ. ತಂಗಳ ರೊಟ್ಟಿ ಕುಟ್ಟಿದ್ರ ಮುಟಗಿ ಆಗ್ತದೇನೋ ಹುಚ್ಚಪ್ಪಾ? ಕೈ ತೊಳ್ಕೊ. ಕುಂದರು."

ಹಂಚ ಇಟ್ಟು, ರೊಟ್ಟಿ ಬಡದು, ಕುಟ್ಟಿ, ಹಿಚಕಿ ಕೈಯಾಗ ಇಟ್ಲು. ಮುಟಗಿ ಮ್ಯಾಲೆ ಆಕಿ ನಾಕೂ ಬೆರಳ ಮೂಡಿದ್ವು. ಕುಂದರಾಕ ಬರಲಿಲ್ಲ, ನಿಂತೇ ತಿಂದೆ.

ಅವತ್ತಿಂದ ನನ್ನ ಇಜ್ಜತ್ ಹೋತು ನೋಡ್ರಿ. ಈಗ ಈ ಮನ್ಯಾಗ ಗಿರಣಿಗೆ ಹೋಗಾಂವ ನಾನು, ಎಮ್ಮಿ ಕಟ್ಟಾಂವ ನಾನು. ಗ್ವಾಡಿ ಕೆಲಸಾನೂ ನಂದೇ. ಈಗ ನೋಡ್ರಿ, ಬಾಗಲ ಹಿಂದಿಂದ ಅತ್ತಿ ಕೈ ಬಂತು, ನನಗೊಂದ ಬಿಸಿ ಮುಟಗಿ ಕೊಟ್ಟಿತು. ಹಿಂದ ದನಿ ಬಂತು, "ಅವರಿಗೆ ಇನ್ನೊಂದೀಟ ಸಿರಾ ಬೇಕೇನು ಕೇಳೋ."

ಕೇಳಿದೆ. ಅಂದೋಲಾದ ಅಳಿಯ ನನ್ನ ಕೈ ನೋಡಿದ. ಉಗುಳ ನುಂಗಿದ. ಮಾವನ ಕಡೆ ತಿರಗಿ, "ಹೊಟ್ಟಿ ಸರಿ ಇಲ್ರಿ ಮಾಮಾ, ಏನರ ಸಾದಾ..." ಅಂದ.

ಮಾವ ಚಪ್ಪಲಿ ಹುಡಕಾಕ ಎದ್ದ.

ಅನುಭವಿಸಲಿ ಮಗ, ಅನಿಸಿತ್ತು ನನಗ. ಆದ್ರ ಆ ಮೂಗ ನೋಡಲಾರದ, "ಕುಂದರ್ರಿ ಮಾಮಾ," ಅಂದು, ನನ್ನ ಮುಟಗಿ ಮುರದು ಅರ್ಧಾ ಅವನ ಸಿರಾದ ಮ್ಯಾಲೆ ಇಟ್ಟೆ. ಆಂವ ಕಣ್ಣ ಮುಚ್ಚಿ ತಿಂದ. ಬಾಗಲ ಹಿಂದ ಬಳಿ ಸಪ್ಪಳ ಆತು.

"ಅರ್ಧಾ ಮುಟಗಿ ಯಾರಿಗೆ ಸಾಲ್ತದ?" ಅಂದ್ಲು ಅತ್ತಿ. "ಇಬ್ರೂ ಒಳಗ ಬರ್ರೋ. ಬಿಸಿ ಅದ."

ನೀವ ಹೇಳ್ರಿ, ಇದು ನ್ಯಾಯ ಏನ್ರಿ? ಅವಗ ಒಂದ ಸೂಜಿ ಸುದ್ದಾ ಬೀಳಲಿಲ್ಲ.